ತಾರೀಕು ಬಿಡಿ, ಎತ್ತರ ಹಿಡಿಯಿರಿ

ಸೆಪ್ಟೆಂಬರ್ ಮೂರನೇ ವಾರ ಬಂತೆಂದರೆ ಬಾಸ್ಟನ್ ಸುತ್ತಮುತ್ತಲಿನ ಕನ್ನಡಿಗರ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಗಣೇಶನ ಹಬ್ಬದ ಫೋಟೊಗಳು ಹಿಂದೆ ಸರಿದು ಒಂದೇ ಪ್ರಶ್ನೆ ಓಡಾಡತೊಡಗುತ್ತದೆ: ‘ಈ ಸಲ ಪೀಕ್ ಯಾವಾಗ?’ ನ್ಯೂ ಹ್ಯಾಂಪ್‌ಶೈರಿನ ವೈಟ್ ಮೌಂಟನ್ಸ್‌ಗೆ ಹೋಗಿ ಫಾಲ್ ಕಲರ್ಸ್, ಅಂದರೆ ಉದುರುವ ಮುನ್ನ ಎಲೆಗಳು ತಳೆಯುವ ಬಣ್ಣ, ನೋಡಿಬರಬೇಕು; ಆ ಬಣ್ಣ ತುಂಬಿ ನಿಲ್ಲುವ ಹೊತ್ತೇ ಪೀಕ್. ಊರಿಂದ ಬಂದ ಅಪ್ಪ–ಅಮ್ಮನ ಆರು ತಿಂಗಳ ವಾಸ ಮುಗಿಯುತ್ತ ಬಂದಿದೆ, ಮರಳುವ ಟಿಕೆಟ್ ಅಕ್ಟೋಬರ್ ಕೊನೆಗೆ. ಮನೆಯವರೆಲ್ಲರಿಗೂ ಒಟ್ಟಿಗೆ ಬಿಡುವು ಸಿಗುವುದು ಒಂದೇ ದಿನ. ಆ ಒಂದು ದಿನವನ್ನು ಪೀಕಿಗೆ ಕೂಡಿಸಲು ಜನ ಪಡುವ ಪಾಡು ನೋಡಿದರೆ, ಜಾತಕ ಕೂಡಿಸುವವರೇ ವಾಸಿ ಅನ್ನಿಸುತ್ತದೆ.

ಪ್ರತಿ ವರ್ಷವೂ ನನ್ನ ಉತ್ತರ ಒಂದೇ. ತಾರೀಕಿನ ಚಿಂತೆ ಬಿಡಿ, ಎತ್ತರದ ಲೆಕ್ಕ ಹಿಡಿಯಿರಿ. ಬಣ್ಣ ಇಡೀ ಸೀಮೆಗೆ ಒಂದೇ ದಿನ ಬರುವುದಿಲ್ಲ. ಉತ್ತರದಿಂದ ದಕ್ಷಿಣಕ್ಕೆ, ಬೆಟ್ಟದ ಮೇಲಿನಿಂದ ಕಣಿವೆಗೆ ವಾರಗಟ್ಟಲೆ ಇಳಿದು ಬರುತ್ತದೆ. ಸೆಪ್ಟೆಂಬರ್ ಕೊನೆಗೆ ಎತ್ತರದ ಇಳಿಜಾರುಗಳು, ಅಕ್ಟೋಬರಿನ ಮೊದಲೆರಡು ವಾರ ಕಣಿವೆಗಳು, ತಿಂಗಳ ಕೊನೆಯ ಹೊತ್ತಿಗೆ ನಮ್ಮ ಬಾಸ್ಟನ್ನಿನ ಬೀದಿಗಳು. ಹಾಗಾಗಿ ಹತ್ತಿ ಇಳಿಯುವ ರಸ್ತೆಯೊಂದನ್ನು ಆರಿಸಿಕೊಂಡವರಿಗೆ ಎರಡು ಮೂರು ವಾರಗಳ ಬಣ್ಣ ಒಂದೇ ದಿನದಲ್ಲಿ ಸಿಗುತ್ತದೆ. ಮೇಲೆ ಎಲೆ ಉದುರಿದ್ದರೆ ಕೆಳಗೆ ಕೆಂಪಾಗಿರುತ್ತದೆ, ಕೆಳಗಿನ್ನೂ ಹಸಿರಿದ್ದರೆ ಮೇಲೆ ಹಬ್ಬ.

ಅಂಥ ರಸ್ತೆ ಕ್ಯಾಂಕಮಾಗಸ್ ಹೆದ್ದಾರಿ. ಲಿಂಕನ್ ಊರಿನಿಂದ ಕಾನ್ವೇವರೆಗೆ ಸುಮಾರು 34 ಮೈಲಿ, ಅಂದರೆ 55 ಕಿಲೋಮೀಟರ್. ಲಿಂಕನ್ ಇರುವುದು 250 ಮೀಟರ್ ಎತ್ತರದಲ್ಲಿ. ಘಾಟಿಯ ನೆತ್ತಿ 870 ಮೀಟರ್. ಅಲ್ಲಿಂದ ಸ್ವಿಫ್ಟ್ ನದಿಯ ಜೊತೆಜೊತೆಗೇ ಕಾನ್ವೇ ಕಡೆಗೆ ಇಳಿತ. ನಡುವೆ ಪೆಟ್ರೋಲ್ ಬಂಕಿಲ್ಲ, ಹೋಟೆಲಿಲ್ಲ, ಅಂಗಡಿಯಿಲ್ಲ. ಬಹುಪಾಲು ದಾರಿಯಲ್ಲಿ ಫೋನಿಗೆ ಸಿಗ್ನಲ್ಲೂ ಇಲ್ಲ. ಲಿಂಕನ್ನಿನಲ್ಲಿ ಟ್ಯಾಂಕ್ ತುಂಬಿಸಿ, ನಕ್ಷೆಯನ್ನು ಮೊದಲೇ ಫೋನಿಗೆ ಇಳಿಸಿಕೊಂಡೇ ಮುಂದೆ ಹೋಗಿ. ರಸ್ತೆಗೆ ಹೆಸರು ಬಂದದ್ದು 17ನೇ ಶತಮಾನದಲ್ಲಿ ಈ ಸೀಮೆಯಲ್ಲಿದ್ದ ಪೆನಾಕುಕ್ ಜನರ ನಾಯಕ ಕ್ಯಾಂಕಮಾಗಸ್‌ನಿಂದ.

ಎತ್ತರದ ಲೆಕ್ಕ ಅರ್ಥವಾಗಬೇಕಾದರೆ ಮರಗಳ ಪರಿಚಯ ಸ್ವಲ್ಪ ಬೇಕು. ಈ ಲೆಕ್ಕಕ್ಕೆ ಅಪವಾದವಾಗಿ ಎಲ್ಲಕ್ಕೂ ಮೊದಲು ಕೆಂಪಾಗುವುದು ತಗ್ಗಿನ ಜೌಗು ನೆಲದ ರೆಡ್ ಮೇಪಲ್. ಆಗಸ್ಟ್ ಕೊನೆಯಲ್ಲೇ ಹೆದ್ದಾರಿಯ ಪಕ್ಕದಲ್ಲಿ ಅದರ ಒಂದೊಂದು ಕೊಂಬೆ ಬಣ್ಣ ತಿರುಗಿರುತ್ತದೆ. ಇಳಿಜಾರಿನ ನಡುಮಟ್ಟದಲ್ಲಿ ಶುಗರ್ ಮೇಪಲ್, ಯೆಲ್ಲೊ ಬರ್ಚ್, ಬೀಚ್ ಮೂರೂ ಬೆರೆತಿರುತ್ತವೆ: ಕಿತ್ತಳೆ, ಹಳದಿ, ಕಂಚು. ಸುಮಾರು 750 ಮೀಟರ್ ದಾಟಿದ ಮೇಲೆ ಸ್ಪ್ರೂಸ್, ಫರ್‌ಗಳ ಕಪ್ಪು ಹಸಿರು ಶುರುವಾಗಿ, ಅದರ ನಡುವೆ ಪೇಪರ್ ಬರ್ಚಿನ ಬಿಳಿ ಕಾಂಡಗಳೂ ನಿಂಬೆಹಳದಿ ಎಲೆಗಳೂ ಎದ್ದು ಕಾಣುತ್ತವೆ. ಓಕ್ ಸೋಮಾರಿ. ಎಲ್ಲರದೂ ಮುಗಿದ ಮೇಲೆ ನಿಧಾನವಾಗಿ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ.

ಹಳದಿ, ಕೆಂಪುಗಳ ಹುಟ್ಟು ಬೇರೆ ಬೇರೆ. ಹಗಲು ಕುಗ್ಗಿದಂತೆ ಮರ ಎಲೆಯೊಳಗಿನ ಪತ್ರಹರಿತ್ತನ್ನು ಒಡೆದು, ಅದರ ಸಾರಜನಕವನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಬೇಸಿಗೆಯುದ್ದಕ್ಕೂ ಹಸಿರಿನಡಿ ಅಡಗಿದ್ದ ಕ್ಯಾರೊಟಿನಾಯ್ಡುಗಳು ಆಗ ಹಳದಿಯಾಗಿ ಹೊರಗೆ ಕಾಣುತ್ತವೆ. ಆದ್ದರಿಂದ ಹಳದಿ ಯಾವ ವರ್ಷವೂ ಹೆಚ್ಚು ಮೋಸ ಮಾಡುವುದಿಲ್ಲ. ಕೆಂಪಿನದು ಬೇರೆ ಕಥೆ. ಆಂಥೊಸಯಾನಿನ್ ಎಂಬ ಆ ವರ್ಣವಸ್ತುವನ್ನು ಎಲೆ ತನ್ನ ಕೊನೆಯ ದಿನಗಳಲ್ಲಿ ಉಳಿದ ಸಕ್ಕರೆಯಿಂದ ಹೊಸದಾಗಿ ತಯಾರಿಸಬೇಕು. ಅದಕ್ಕೆ ಬಿಸಿಲು ಕಾಯುವ ಹಗಲು, ಹಿಮಗಟ್ಟದಷ್ಟೇ ತಣ್ಣಗಿರುವ ರಾತ್ರಿ ಬೇಕು. ಮೋಡ ಮುಚ್ಚಿದ, ಬೆಚ್ಚಗಿನ ಸೆಪ್ಟೆಂಬರ್ ಆದರೆ ಕೆಂಪು ಮಂಕು. ಬರ ಬಂದರೆ ಎಲೆಗಳು ಕಂದಿ ಬೇಗ ಉದುರುತ್ತವೆ. ನಮ್ಮ ಮಾವಿನ ಎಳೆ ಚಿಗುರಿನ ತಾಮ್ರಗೆಂಪೂ ಇದೇ ಆಂಥೊಸಯಾನಿನ್ನಿನದು. ನಮ್ಮಲ್ಲಿ ಎಲೆ ಕೆಂಪಾಗಿ ಹುಟ್ಟುತ್ತದೆ, ಇಲ್ಲಿ ಕೆಂಪಾಗಿ ಹೋಗುತ್ತದೆ.

ಇದನ್ನು ಕಣ್ಣಾರೆ ನೋಡಲು ಪ್ರಯೋಗಾಲಯ ಬೇಡ. ದಾರಿಬದಿಯ ಮೇಪಲ್ ಕೆಳಗೆ ನಿಂತು, ಕೈಗೆಟುಕುವ ಕೊಂಬೆಯಲ್ಲಿ ಒಂದರ ಮೇಲೊಂದು ಒರಗಿದ ಎರಡು ಎಲೆಗಳನ್ನು ಹುಡುಕಿ. ಮೇಲಿನದನ್ನು ಮೆಲ್ಲಗೆ ಎತ್ತಿದರೆ ಕೆಳಗಿನ ಎಲೆಯ ಮೇಲೆ ಅದರ ಆಕಾರವೇ ಹಳದಿಯಲ್ಲಿ ಅಚ್ಚಾಗಿರುತ್ತದೆ. ಬಿಸಿಲು ಬಿದ್ದ ಭಾಗ ಕುಂಕುಮಗೆಂಪು, ನೆರಳು ಬಿದ್ದಷ್ಟು ಭಾಗ ಹಳದಿ, ಗಡಿ ಕತ್ತರಿಸಿಟ್ಟಷ್ಟು ಖಚಿತ. ನರಗಳ ಅಂಚಿನಲ್ಲಿ ಇನ್ನೂ ಒಂದಿಷ್ಟು ಹಸಿರು ಉಳಿದಿರುತ್ತದೆ. ಇಡೀ ಬೆಟ್ಟದ ಲೆಕ್ಕಾಚಾರ ಅಂಗೈಯಗಲದಲ್ಲಿ ಸಿಗುವುದು ಹೀಗೆ. ಆದರೆ ಮೂರು ಮೂರು ಎಲೆಗಳ ಗುಂಪಾಗಿ ಮರವನ್ನು ಅಪ್ಪಿ ಹತ್ತಿದ ಕೆಂಪು ಬಳ್ಳಿ ಕಂಡರೆ ಕೈ ಹಿಂದಕ್ಕೆ ತೆಗೆಯಿರಿ. ಅದು ಪಾಯಿಸನ್ ಐವಿ, ಮುಟ್ಟಿದರೆ ವಾರಗಟ್ಟಲೆ ತುರಿಕೆ.

ಇನ್ನು ದಿನದ ಯೋಜನೆ. ಅಕ್ಟೋಬರಿನ ಎರಡನೇ ಸೋಮವಾರ ಅಮೆರಿಕದಲ್ಲಿ ರಜೆ; ಆ ವಾರಾಂತ್ಯ ಒಂದನ್ನು ಬಿಟ್ಟು ಬೇರೆ ಯಾವ ದಿನವಾದರೂ ಸರಿ. ಮಂಗಳವಾರ, ಬುಧವಾರ ರಜೆ ಹಾಕಬಲ್ಲವರು ಪುಣ್ಯವಂತರು. ಪ್ರವಾಸೋದ್ಯಮದವರು ಹಾಕುವ ಬಣ್ಣದ ನಕ್ಷೆಯನ್ನು ನೋಡಿ, ಆದರೆ ನೆಚ್ಚಿಕೊಳ್ಳಬೇಡಿ. ಅದು ಇಡೀ ಪ್ರದೇಶಕ್ಕೆ ಒಂದೇ ಬಣ್ಣ ಬಳಿದಿರುತ್ತದೆ, ಎತ್ತರ ಅದರಲ್ಲಿ ಸರಿಯಾಗಿ ಕಾಣುವುದಿಲ್ಲ. ಅದಕ್ಕಿಂತ ಗಾಳಿ–ಮಳೆಯ ಮುನ್ಸೂಚನೆ ಮುಖ್ಯ. ಒಂದು ರಾತ್ರಿಯ ಬಿರುಗಾಳಿ ವಾರದ ಬಣ್ಣವನ್ನೆಲ್ಲ ನೆಲಕ್ಕೆ ಹಾಕಬಲ್ಲದು.

ಬಾಸ್ಟನ್ನಿನಿಂದ ಲಿಂಕನ್ನಿಗೆ ಐ–93 ಹೆದ್ದಾರಿಯಲ್ಲಿ ಸುಮಾರು 130 ಮೈಲಿ, ಎರಡು ಗಂಟೆಗೆ ತುಸು ಮೇಲೆ. ಅಕ್ಟೋಬರ್ ಮೊದಲ ವಾರ ಅಲ್ಲಿ ಸೂರ್ಯ ಹುಟ್ಟುವುದು ಬೆಳಗ್ಗೆ 6:50ರ ಆಸುಪಾಸು, ಮುಳುಗುವುದು ಸಂಜೆ 6:20ರ ಹೊತ್ತಿಗೆ. ಕೈಯಲ್ಲಿರುವುದು ಹನ್ನೊಂದೂವರೆ ಗಂಟೆಯ ಬೆಳಕು ಮಾತ್ರ. ಐದೂವರೆಗೆ ಮನೆ ಬಿಟ್ಟವರು ಎಂಟರೊಳಗೆ ಲಿಂಕನ್ ಸೇರಿ, ಹತ್ತರ ನಂತರ ಏಳುವ ಸಾಲುಗಟ್ಟಿದ ಕಾರುಗಳಿಂದ ಪಾರಾಗುತ್ತಾರೆ. ಹತ್ತಕ್ಕೆ ಮನೆ ಬಿಟ್ಟವರು ಮುಂದಿನ ಕಾರಿನ ಹಿಂದಿನ ದೀಪಗಳ ಕೆಂಪನ್ನು ನೋಡಿ ಬರುತ್ತಾರೆ.

ಲಿಂಕನ್ ಕಡೆಯಿಂದಲೇ ಹತ್ತಬೇಕು ಎನ್ನುವುದಕ್ಕೆ ಬೆಳಕಿನ ಕಾರಣವಿದೆ. ನೆತ್ತಿಗೆ ಮುಂಚೆ ಸಿಗುವ ಹ್ಯಾನ್‌ಕಾಕ್ ಮತ್ತು ಪೆಮಿಜವಾಸೆಟ್ ನೋಟದ ತಾಣಗಳು ಘಾಟಿಯ ಪಶ್ಚಿಮ ಮಗ್ಗುಲಿನಲ್ಲಿವೆ. ಬೆಳಗ್ಗೆ ಅಲ್ಲಿ ಪಶ್ಚಿಮಕ್ಕೆ ಮುಖಮಾಡಿ ನಿಂತರೆ ಬಿಸಿಲು ಬೆನ್ನ ಹಿಂದಿನಿಂದ ಬಂದು ಎದುರಿನ ಇಳಿಜಾರುಗಳ ಮೇಲೆ ಬೀಳುತ್ತದೆ. ಕಣಿವೆಯಲ್ಲಿ ಮಂಜಿದ್ದರೆ ಅದೂ ಕಾಣುತ್ತದೆ. ಅಪ್ಪ–ಅಮ್ಮನ ಮಂಡಿನೋವಿಗೂ ಈ ತಾಣಗಳು ಅನುಕೂಲ. ಕಾರಿನಿಂದ ಇಳಿದು ಹತ್ತು ಹೆಜ್ಜೆ ಇಟ್ಟರೆ ಕಟ್ಟೆ ಸಿಗುತ್ತದೆ. ಆ ಹೊತ್ತಿನಲ್ಲಿ ಮೇಲೆ ತಾಪಮಾನ ಹತ್ತು ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿರುವುದು ಮಾಮೂಲು. ಉಲ್ಲನ್ ಟೋಪಿ, ಸ್ವೆಟರ್ ಕೈಗೆ ಸಿಗುವಂತಿರಲಿ.

ನೆತ್ತಿ ದಾಟಿ ಇಳಿದಾಗ ನಿಲ್ಲಬೇಕಾದ್ದು ಎರಡೇ ಕಡೆ. ಮೊದಲನೆಯದು ಸಬ್ಬಡೇ ಜಲಪಾತ. ಅರ್ಧ ಮೈಲಿಗೂ ಕಡಿಮೆ ನಡಿಗೆ, ಸಮವಾದ ದಾರಿ, ಮರದ ಕಟಾಂಜನ. ಎರಡನೆಯದು ರಾಕಿ ಗಾರ್ಜ್. ಸ್ವಿಫ್ಟ್ ನದಿ ಇಲ್ಲಿ ಗ್ರಾನೈಟ್ ಬಂಡೆಗಳ ನಡುವೆ ಇಕ್ಕಟ್ಟಾಗಿ ನುಗ್ಗುತ್ತದೆ. ಮೇಲಿನ ಕಾಲುಸೇತುವೆ ದಾಟಿ ಸ್ವಲ್ಪ ನಡೆದರೆ ಫಾಲ್ಸ್ ಪಾಂಡ್ ಎಂಬ ಸಣ್ಣ ಕೊಳ. ರಸ್ತೆಯ ಸದ್ದು ಅಲ್ಲಿಗೆ ಮುಟ್ಟುವುದಿಲ್ಲ. ಡಬ್ಬಿ ಬಿಚ್ಚಲು ನನ್ನ ಆಯ್ಕೆ ಆ ಕೊಳದ ದಂಡೆ. ಸಸ್ಯಾಹಾರಿಗಳಿಗೆ ದಾರಿಯಲ್ಲಿ ಏನೂ ಸಿಗುವುದಿಲ್ಲವೆಂದು ಹಿಂದಿನ ರಾತ್ರಿಯೇ ಪುಳಿಯೋಗರೆ ಕಲಸಿಟ್ಟುಕೊಂಡು ಬಂದ ಅಮ್ಮನ ದೂರದೃಷ್ಟಿ ಅಲ್ಲಿ ಫಲ ಕೊಡುತ್ತದೆ. ಆರು ಕಡೆ ನಿಂತು ಆರು ಸೆಲ್ಫಿ ತೆಗೆಯುವ ಬದಲು ಎರಡು ಕಡೆ ಒಂದೊಂದು ಗಂಟೆ ಕೂತರೆ ಬಣ್ಣ ಮನಸ್ಸಿನಲ್ಲಿ ಇಳಿಯುತ್ತದೆ.

ಇಲ್ಲಿ ಕೂತಾಗ ಒಂದು ಮಾತು ನೆನಪಿರಲಿ. ಈ ಕಾಡು ಅನಾದಿಯದಲ್ಲ. 19ನೇ ಶತಮಾನದ ಕೊನೆಯಲ್ಲಿ ಮರದ ವ್ಯಾಪಾರಿ ಜೆ.ಇ. ಹೆನ್ರಿ ಲಿಂಕನ್ನಿನಿಂದ ಕಾಡಿನೊಳಕ್ಕೆ ಸ್ವಂತ ರೈಲುಹಳಿ ಹಾಕಿ ಬೆಟ್ಟಗಳನ್ನು ಬೋಳಿಸಿದ. ಕಡಿದು ಬಿಟ್ಟ ಒಣ ಕೊಂಬೆಗಳಿಗೆ ಬೆಂಕಿ ಬಿದ್ದು 1903 ಮತ್ತು 1907ರಲ್ಲಿ ಸಾವಿರಾರು ಎಕರೆ ಸುಟ್ಟುಹೋಯಿತು. ಜನ ರೊಚ್ಚಿಗೆದ್ದರು. ನ್ಯೂ ಹ್ಯಾಂಪ್‌ಶೈರಿನಲ್ಲೇ ಹುಟ್ಟಿ ಮ್ಯಾಸಚೂಸೆಟ್ಸಿನಿಂದ ಸಂಸತ್ತಿಗೆ ಹೋಗಿದ್ದ ಜಾನ್ ವೀಕ್ಸ್ ಹೆಸರಿನ ಕಾಯ್ದೆ 1911ರಲ್ಲಿ ಬಂತು. ಖಾಸಗಿಯವರಿಂದ ಭೂಮಿ ಕೊಂಡು ಕಾಡು ಬೆಳೆಸುವ ಅಧಿಕಾರವನ್ನು ಅದು ಸರ್ಕಾರಕ್ಕೆ ಕೊಟ್ಟಿತು. 1918ರಲ್ಲಿ ಘೋಷಣೆಯಾದ ವೈಟ್ ಮೌಂಟನ್ ರಾಷ್ಟ್ರೀಯ ಅರಣ್ಯ ಇಂದು ಸುಮಾರು 8 ಲಕ್ಷ ಎಕರೆ. ಸುಟ್ಟ ನೆಲದಲ್ಲಿ ಮೊದಲು ಬೇರೂರುವ ಮರಗಳಲ್ಲಿ ಪೇಪರ್ ಬರ್ಚ್ ಒಂದು. ಇಳಿಜಾರಿನ ಮೇಲೆ ಒಂದೇ ವಯಸ್ಸಿನ ಹಳದಿ ಬರ್ಚ್‌ಗಳ ಪಟ್ಟೆ ಕಂಡರೆ ಅಲ್ಲಿ ಎಂದೋ ಬೆಂಕಿಯೋ ಕೊಡಲಿಯೋ ಹಾದುಹೋಗಿರಬಹುದು. ದಾರಿಯಲ್ಲಿ ಸಿಗುವ ಲಿಂಕನ್ ವುಡ್ಸ್ ಕಾಲುದಾರಿ ಹೆನ್ರಿಯ ಅದೇ ರೈಲುಹಳಿಯ ಜಾಡು.

ಮಧ್ಯಾಹ್ನದ ನಂತರ ಹೆಚ್ಚಿನವರು ಕಾನ್ವೇಗೆ ಇಳಿದು, ಅಲ್ಲಿಯ ಅಂಗಡಿ ಸಾಲಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಬೀಳುತ್ತಾರೆ. ನೀವು ಹಾಗೆ ಮಾಡಬೇಡಿ. ರಾಕಿ ಗಾರ್ಜಿನಿಂದ ಬಂದ ದಾರಿಯಲ್ಲೇ ಮೂರ್ನಾಲ್ಕು ಮೈಲಿ ಹಿಂದಕ್ಕೆ ಬಂದರೆ ಬಲಕ್ಕೆ ಬೇರ್ ನಾಚ್ ರಸ್ತೆ ಒಡೆಯುತ್ತದೆ. ಸುಮಾರು ಒಂಬತ್ತು ಮೈಲಿಯ ಈ ಕಿರಿದಾದ ರಸ್ತೆ ಮೇಪಲ್, ಬೀಚ್‌ಗಳ ನಡುವೆ ಹತ್ತಿ ಇಳಿದು ಬಾರ್ಟ್‌ಲೆಟ್ ಸೇರುತ್ತದೆ. ಚಳಿಗಾಲದಲ್ಲಿ ಇಲ್ಲಿ ಹಿಮ ತೆಗೆಯುವುದಿಲ್ಲ, ಕಾರು ಬಿಡುವುದಿಲ್ಲ. ಅಕ್ಟೋಬರಿನಲ್ಲಿ ಮಾತ್ರ ಇದು ತಿಳಿದವರ ಗುಟ್ಟು. ಬಾರ್ಟ್‌ಲೆಟ್ಟಿನಿಂದ 302ನೇ ಹೆದ್ದಾರಿಯಲ್ಲಿ ಪಶ್ಚಿಮಕ್ಕೆ ತಿರುಗಿ ಕ್ರಾಫರ್ಡ್ ನಾಚ್ ಎಂಬ ಕಣಿವೆದಾರಿ ಹತ್ತಿ. ಎರಡೂ ಬದಿಯಲ್ಲಿ ಗೋಡೆಯಂತೆ ನಿಂತ ಬೆಟ್ಟಗಳು, ರಸ್ತೆಯ ಅಂಚಿಗೇ ಧುಮುಕುವ ಝರಿಗಳು. 1826ರಲ್ಲಿ ಇಲ್ಲಿ ಗುಡ್ಡ ಕುಸಿದಾಗ ಹೆದರಿ ಮನೆಯಿಂದ ಓಡಿದ ವಿಲ್ಲಿ ಕುಟುಂಬದವರೆಲ್ಲ ಸತ್ತರು, ಮನೆ ಮಾತ್ರ ಹಾಗೇ ಉಳಿಯಿತು. ಮುಂದೆ ಬ್ರೆಟನ್ ವುಡ್ಸ್. 1944ರಲ್ಲಿ ಐಎಂಎಫ್, ವಿಶ್ವಬ್ಯಾಂಕ್‌ಗಳಿಗೆ ಬುನಾದಿ ಹಾಕಿದ ಸಮ್ಮೇಳನ ನಡೆದ ಬಿಳಿಯ ಹೋಟೆಲ್ ರಸ್ತೆಯಿಂದಲೇ ಕಾಣುತ್ತದೆ. ಬ್ಯಾಂಕಿನಲ್ಲಿ ದುಡಿದು ನಿವೃತ್ತರಾದ ಅಪ್ಪಂದಿರಿಗೆ ಎಲೆಗಳಿಗಿಂತ ಇದೇ ಹೆಚ್ಚು ಹಿಡಿಸಿದರೂ ಆಶ್ಚರ್ಯವಿಲ್ಲ. ಅದರ ಹಿಂದೆ 1,917 ಮೀಟರಿನ ಮೌಂಟ್ ವಾಷಿಂಗ್ಟನ್. ಕೆಲವು ವರ್ಷ ಅಕ್ಟೋಬರ್ ಆದಿಯಲ್ಲೇ ಅದರ ನೆತ್ತಿಗೆ ಹಿಮ ಬಿದ್ದಿರುತ್ತದೆ. ಕೆಳಗೆ ಕೆಂಪು, ನಡುವೆ ಕಪ್ಪು ಹಸಿರು, ಮೇಲೆ ಬಿಳಿ. ಎತ್ತರದ ಲೆಕ್ಕ ಒಂದೇ ನೋಟದಲ್ಲಿ.

ಅಲ್ಲಿಂದ ಟ್ವಿನ್ ಮೌಂಟನ್, ಫ್ರಾಂಕೋನಿಯಾ ನಾಚ್ ದಾಟಿ ಐ–93 ಹಿಡಿದರೆ ರಾತ್ರಿ ಒಂಬತ್ತರೊಳಗೆ ಮನೆ. ಮುಸ್ಸಂಜೆಯಲ್ಲಿ ವೇಗ ತಗ್ಗಿಸಿ. ಇದು ಮೂಸ್ ಎಂಬ ದೊಡ್ಡ ಜಿಂಕೆಗಳಿಗೆ ಬೆದೆಯ ಕಾಲ. ಕಾರಿಗಿಂತ ಎತ್ತರದ, ಕಪ್ಪಗಿನ ಪ್ರಾಣಿ ರಸ್ತೆಗೆ ಬಂದರೆ ದೀಪದ ಬೆಳಕಿಗೂ ಸರಿಯಾಗಿ ಕಾಣುವುದಿಲ್ಲ. ಮಳೆಯಲ್ಲಿ ನೆನೆದ ಎಲೆ ಹಾಸಿದ ತಿರುವುಗಳೂ ಜಾರುತ್ತವೆ.

ಮಳೆ ಬಂದರೆ ಹೋಗುವುದನ್ನು ಬಿಡಬೇಡಿ. ಸಣ್ಣ ಮಳೆಯಲ್ಲಿ ಎಲೆಯ ಮೇಲಿನ ಹೊಳಪು ಹೋಗಿ ಬಣ್ಣ ಗಾಢವಾಗುತ್ತದೆ, ನೆನೆದ ಕಾಂಡಗಳು ಕಪ್ಪಾಗಿ ಅದನ್ನು ಇನ್ನಷ್ಟು ಎತ್ತಿ ತೋರಿಸುತ್ತವೆ. ಬಿಸಿಲಿದ್ದರೆ ಎಲೆಗಳನ್ನು ಸೂರ್ಯನಿಗೆ ಅಡ್ಡವಾಗಿ ಹಿಡಿದು ಹಿಂಬದಿಯ ಬೆಳಕಿನಲ್ಲಿ ನೋಡಿ. ಕ್ಯಾಮೆರಾ ಇದ್ದವರು ಪೋಲರೈಸರ್ ಮರೆಯಬೇಡಿ.

ಇಷ್ಟೆಲ್ಲ ಆಗಿಯೂ ರಜೆ ಸಿಗದೆ ಅಕ್ಟೋಬರ್ ಎರಡನೇ ವಾರ ದಾಟಿಹೋಯಿತೆನ್ನಿ. ಆಗಲೂ ಎತ್ತರದ ಲೆಕ್ಕವೇ ಕೈ ಹಿಡಿಯುತ್ತದೆ. ಬೆಟ್ಟ ಬಿಟ್ಟು ತಗ್ಗಿಗೆ ಬನ್ನಿ, ದಕ್ಷಿಣಕ್ಕೆ ಸರಿಯಿರಿ. ಬಾಸ್ಟನ್ನಿನ ಆರ್ನಲ್ಡ್ ಅರ್ಬೊರೀಟಂನಲ್ಲಿ ತಿಂಗಳ ಕೊನೆಗೆ ಮೇಪಲ್‌ಗಳು ತುಂಬಿ ನಿಂತಿರುತ್ತವೆ, ಪ್ರವೇಶಕ್ಕೆ ದುಡ್ಡಿಲ್ಲ, ಮೆಟ್ರೊದಲ್ಲೇ ಹೋಗಬಹುದು. ಬೆಟ್ಟವೇ ಬೇಕೆನ್ನುವವರು ಆಗ ಓಕ್, ಬೀಚ್‌ಗಳ ಕಂಚನ್ನು ನೋಡಲು ಹೋಗಲಿ. ಪ್ರವಾಸಿಗಳೆಲ್ಲ ಊರಿಗೆ ಮರಳಿರುತ್ತಾರೆ, ಪಾರ್ಕಿಂಗ್ ಕೂಡ ಸಿಗುತ್ತದೆ.