ಒಬ್ಬರನ್ನೊಬ್ಬರು ಕೇಳಿಸಿಕೊಳ್ಳದ ವಾದ್ಯವೃಂದ

ಬೆಂಗಳೂರಿನಲ್ಲಿರುವ ನನ್ನ ಗೆಳೆಯನೊಬ್ಬ ಕಿರುಚಿತ್ರಗಳಿಗೆ ಸಂಗೀತ ಮಾಡುತ್ತಾನೆ. ಅವನ ಪುಟ್ಟ ಕೋಣೆಯಲ್ಲಿ ಮೂರು ಕಂಪ್ಯೂಟರುಗಳಿವೆ. ಒಂದರ ಮುಂದೆ ಅವನು ಕೂರುತ್ತಾನೆ. ಸೆಕೆಂಡ್ ಹ್ಯಾಂಡ್ ಕೊಂಡ ಉಳಿದೆರಡರಲ್ಲಿ ಒಂದು ಪಿಟೀಲು, ಚೆಲೊಗಳದ್ದು. ಇನ್ನೊಂದು ಹಾರ್ನ್, ಟ್ರಂಪೆಟ್‌ಗಳದ್ದು. ಮೂರನ್ನೂ ನೆಟ್‌ವರ್ಕ್ ಕೇಬಲ್ ಜೋಡಿಸಿದೆ. ಕಳೆದ ತಿಂಗಳು ಅವನು ಹೊಸ ರಚನೆ ಕೇಳಿಸುತ್ತಿದ್ದಾಗ ನನ್ನ ಕಾಲು ತಾಗಿ ಒಂದು ಕೇಬಲ್ ಕಳಚಿತು. ಪಿಟೀಲುಗಳೆಲ್ಲ ಒಮ್ಮೆಗೇ ನಿಂತವು. ಟ್ರಂಪೆಟ್‌ಗಳು ಮಾತ್ರ ಏನೂ ಆಗಿಲ್ಲವೆಂಬಂತೆ ನುಡಿಯುತ್ತಲೇ ಇದ್ದವು. ಇಬ್ಬರೂ ನಕ್ಕೆವು. ಆದರೆ ಆ ಟ್ರಂಪೆಟ್‌ಗಳ ನಿಶ್ಚಿಂತೆ ನನ್ನ ತಲೆಯಲ್ಲಿ ಉಳಿದುಬಿಟ್ಟಿತು.

ಈ ಏರ್ಪಾಡು ಹುಟ್ಟಿದ್ದು ಜಾಗದ ಕೊರತೆಯಿಂದ. 1983ರಲ್ಲಿ ಬಂದ ಮಿಡಿ ಎಂಬ ವ್ಯವಸ್ಥೆ ಧ್ವನಿಯನ್ನು ಹೊರುವುದಿಲ್ಲ. ಯಾವ ಸ್ವರ, ಎಷ್ಟು ಒತ್ತು ಎಂಬ ಅಪ್ಪಣೆಯನ್ನಷ್ಟೇ ಒಯ್ಯುತ್ತದೆ. ಧ್ವನಿ ಬರುವುದು ಸ್ಯಾಂಪಲ್‌ಗಳಿಂದ, ಎಂದರೆ ನಿಜವಾದ ವಾದಕರು ಸ್ವರ ಸ್ವರವಾಗಿ ನುಡಿಸಿದ ಮುದ್ರಿಕೆಗಳಿಂದ. 1990ರ ದಶಕದ ಕೊನೆಗೆ ಬಂದ ಗಿಗಾಸ್ಯಾಂಪ್ಲರ್ ಪ್ರತಿ ಸ್ವರದ ಆರಂಭವನ್ನಷ್ಟೇ ಮೆಮೊರಿಯಲ್ಲಿಟ್ಟುಕೊಂಡು ಉಳಿದದ್ದನ್ನು ಹಾರ್ಡ್ ಡಿಸ್ಕ್‌ನಿಂದ ಎಳೆದುಕೊಂಡಿತು. ಆದರೂ 32 ಬಿಟ್‌ನ ಕಾಲದಲ್ಲಿ ಒಂದು ತಂತ್ರಾಂಶ 4 ಜಿಬಿಗಿಂತ ಹೆಚ್ಚು ಮೆಮೊರಿ ಬಳಸುವಂತಿರಲಿಲ್ಲ. ಇಡೀ ವಾದ್ಯವೃಂದ ಅಷ್ಟರಲ್ಲಿ ಹಿಡಿಸದು. ಹಾಗಾಗಿ ತಂತಿವಾದ್ಯಗಳಿಗೊಂದು, ಗಾಳಿವಾದ್ಯಗಳಿಗೊಂದು ಎಂದು ಕಂಪ್ಯೂಟರುಗಳು ಬೇರೆಯಾದವು. ವಿಯೆನ್ನಾ ಆನ್ಸಾಂಬ್ಲ್ ಪ್ರೊ ಥರದ ತಂತ್ರಾಂಶ ನೆಟ್‌ವರ್ಕ್ ಕೇಬಲ್ಲಿನಲ್ಲೇ ಅಪ್ಪಣೆಯನ್ನು ಕಳಿಸಿ ಧ್ವನಿಯನ್ನು ಮರಳಿ ತರುತ್ತದೆ. ಅಪ್ಪಣೆ ಕೊಡುವ ಯಂತ್ರವನ್ನು ಬಹುಕಾಲ 'ಮಾಸ್ಟರ್' ಎಂದೂ ಉಳಿದವನ್ನು 'ಸ್ಲೇವ್' ಎಂದೂ ಕರೆಯುತ್ತಿದ್ದರು. ಸಾಹಿತ್ಯದ ವಿದ್ಯಾರ್ಥಿಯಾದ ನನಗೆ ಈ ಹೆಸರುಗಳನ್ನು ದಾಟಿ ಮುಂದೆ ಹೋಗುವುದು ಕಷ್ಟ.

ಇಂಥ ಸಂಗೀತ ಕೃತಕ ಎಂಬುದು ಹಳೆಯ ಆಕ್ಷೇಪ. ನಾನದನ್ನು ಒಪ್ಪಲಾರೆ. ವಿಯೆನ್ನಾ ಸಿಂಫೋನಿಕ್ ಲೈಬ್ರರಿಯನ್ನು ಕಟ್ಟಿದ ಹರ್ಬ್ ಟುಕ್‌ಮಾಂಡ್ಲ್ ಸ್ವತಃ ಚೆಲೊ ವಾದಕ. ಅಲ್ಲಿ ಕೂಡಿಟ್ಟ ಒಂದೊಂದು ಸ್ವರದ ಹಿಂದೆಯೂ ಮನುಷ್ಯರ ಬೆರಳಿದೆ, ಉಸಿರಿದೆ. ವಾಲ್ಟರ್ ಬೆಂಜಮಿನ್ 1930ರ ದಶಕದಲ್ಲಿ ಹೇಳಿದ ಪ್ರಭಾವಳಿಯ ಮಾತೂ ಇಲ್ಲಿ ಪೂರ್ತಿ ಹೊಂದುವುದಿಲ್ಲ. ನಕಲಾದ ಕೃತಿಗೆ ಒಂದು ಮೂಲವಾದರೂ ಇರುತ್ತದೆ. ಈ ವಾದನ ಯಾವ ಸಭಾಂಗಣದಲ್ಲೂ ಒಮ್ಮೆಯೂ ನಡೆದದ್ದಲ್ಲ. ಸ್ವರಗಳೆಲ್ಲ ನಿಜ, ಕೂಟ ಮಾತ್ರ ಆಗಿಲ್ಲ.

ವ್ಯತ್ಯಾಸ ಎಲ್ಲಿದೆ ಎಂಬುದನ್ನು ತಡದ ಲೆಕ್ಕದಲ್ಲಿ ನೋಡಬಹುದು. ಸೆಕೆಂಡಿಗೆ 48,000 ಸ್ಯಾಂಪಲ್‌ಗಳ ವೇಗದಲ್ಲಿ 512 ಸ್ಯಾಂಪಲ್‌ಗಳ ಬಫರ್ ಇಟ್ಟರೆ ಧ್ವನಿ ಸುಮಾರು 11 ಮಿಲಿಸೆಕೆಂಡ್ ತಡವಾಗುತ್ತದೆ. ನಿಜವಾದ ವೇದಿಕೆಯಲ್ಲಿ ತಡ ಇದಕ್ಕಿಂತ ಹೆಚ್ಚು: ಹತ್ತು ಮೀಟರ್ ಹಿಂದೆ ಕೂತ ಹಾರ್ನ್ ವಾದಕನ ದನಿ ಮುಂದಿನವರನ್ನು ತಲುಪಲು 29 ಮಿಲಿಸೆಕೆಂಡ್ ಬೇಕು. ಆದರೆ ಅವನಿಗೆ ಅದು ಗೊತ್ತು. ಕಂಡಕ್ಟರನ ಕೈ, ಪಕ್ಕದವನ ಉಸಿರು ನೋಡಿ ಅವನು ತುಸು ಮುಂಚೆಯೇ ಊದುತ್ತಾನೆ. ಯಂತ್ರಗಳ ನಡುವಿನ ತಡವನ್ನು ತಂತ್ರಾಂಶ ಲೆಕ್ಕ ಹಾಕಿ ಅಳಿಸುತ್ತದೆ. ಒಂದಕ್ಕೊಂದು ಕಿವಿಗೊಡುವ ಅಗತ್ಯವೇ ಬೀಳುವುದಿಲ್ಲ.

ಇದು ರಚನೆಯ ಒಳಗೂ ಇಳಿಯುತ್ತದೆ. ಸ್ಯಾಂಪಲ್‌ಗಳಲ್ಲಿ ಚುಟುಕಾದ ಸ್ವರ ಸುಲಭವಾಗಿ ನಂಬಿಸುತ್ತದೆ. ಒಂದರಿಂದ ಇನ್ನೊಂದಕ್ಕೆ ಸಾಗುವ ಸ್ವರ ಕಷ್ಟ. ವಿಯೆನ್ನಾದವರು ಅದಕ್ಕಾಗಿ ಸ್ವರಗಳ ನಡುವಿನ ಆ ಸಾಗುವಿಕೆಯನ್ನೇ ಬೇರೆಯಾಗಿ ಮುದ್ರಿಸಬೇಕಾಯಿತು. ಇತ್ತೀಚಿನ ಸಾಹಸ ಚಿತ್ರಗಳಲ್ಲಿ ಪಿಟೀಲುಗಳು ಚುಟುಕು ಸ್ವರಗಳ ಒಂದೇ ವರಸೆಯನ್ನು ಮತ್ತೆ ಮತ್ತೆ ಬಡಿಯುವುದಕ್ಕೂ ಕೆಳಗೆ ಹಾರ್ನ್‌ಗಳು ದೀರ್ಘವಾಗಿ ಮೊರೆಯುವುದಕ್ಕೂ ಇದೂ ಒಂದು ಕಾರಣವೆಂದು ನನ್ನ ಅನಿಸಿಕೆ. ಯಂತ್ರ ಚೆನ್ನಾಗಿ ನುಡಿಸುವುದನ್ನೇ ಬರೆಯುವ ಅಭ್ಯಾಸ ಬೆಳೆದಿದೆ. ಕೊನೆಗೆ ನಿಜವಾದ ವಾದಕರನ್ನು ಕರೆಸುವ ದೊಡ್ಡ ಚಿತ್ರಗಳಲ್ಲೂ ಅವರ ಮುಂದಿರುವುದು ಮೊದಲು ಯಂತ್ರದಲ್ಲಿ ಒಪ್ಪಿಗೆ ಪಡೆದ ಸಂಗೀತವೇ.

ಗೆಳೆಯನಿಗೆ ಇದನ್ನೆಲ್ಲ ಹೇಳಿದೆ. "ಮಾರಾಯ, ನಲವತ್ತು ಜನ ಪಿಟೀಲಿನವರನ್ನು ನನಗ್ಯಾರು ಕರೆಸಿಕೊಡ್ತಾರೆ? ಇದಿಲ್ಲದಿದ್ರೆ ನಾನು ವಾದ್ಯವೃಂದಕ್ಕೆ ಒಂದು ಸಾಲೂ ಬರೀತಿರಲಿಲ್ಲ" ಎಂದ. ನನ್ನಲ್ಲಿ ಉತ್ತರವಿರಲಿಲ್ಲ. ಸಿರಿವಂತ ಸ್ಟುಡಿಯೋಗಳಿಗಷ್ಟೇ ದಕ್ಕುತ್ತಿದ್ದದ್ದು ಅವನ ಕೋಣೆಗೂ ಬಂದಿರುವುದು ಸಣ್ಣ ಮಾತಲ್ಲ. ಈಗ 64 ಬಿಟ್‌ನ ಒಂದೇ ಕಂಪ್ಯೂಟರಿನಲ್ಲಿ ಇಡೀ ವೃಂದ ಹಿಡಿಸಬಹುದು. ಆದರೂ ಕೇಳಿಸಿಕೊಳ್ಳುವ ಪ್ರಶ್ನೆ ಹಾಗೇ ಇದೆ.

ಮೊನ್ನೆ ಅವನು ಅದೇ ರಚನೆಗೆ ಒಬ್ಬ ಪಿಟೀಲು ವಾದಕಿಯನ್ನು ಕರೆಸಿದ್ದ. ಯಂತ್ರದ ಪಿಟೀಲುಗಳ ಮೇಲೆ ಒಂದು ನಿಜವಾದ ಪಿಟೀಲು ಇರಲಿ ಎಂದು. ನಡುವಿನ ಒಂದು ಸಾಲನ್ನು ಅವರು ತುಸು ಎಳೆದು ನುಡಿಸಿದರು. ಚೆನ್ನಾಗಿತ್ತು, ಆದರೆ ಟ್ರಂಪೆಟ್‌ಗಳು ಕಾಯದೆ ಮುಂದೆ ಹೋಗಿಬಿಟ್ಟವು. ಅವರು ಎಳೆದದ್ದಕ್ಕೆ ತಕ್ಕಂತೆ ಮೂರೂ ಕಂಪ್ಯೂಟರುಗಳ ಲಯವನ್ನು ತಿದ್ದಿ ಕೂರಿಸಲು ಗೆಳೆಯ ರಾತ್ರಿಯೆಲ್ಲ ಕೂತ. ಬೆಳಿಗ್ಗೆ ಕೇಳಿಸಿದಾಗ ಟ್ರಂಪೆಟ್‌ಗಳು ಆ ಸಾಲಿಗಾಗಿ ಕಾದಂತೆ ಕೇಳಿಸಿತು. ಕಾದದ್ದು ಅವನು.