ಹಂದಿಗೋಡು: ಏಡಿಯ ಜಗಳ ಮುಗಿದ ಮೇಲೆ

1970ರ ದಶಕದ ನಡುವಿನಲ್ಲಿ ಸಾಗರ ತಾಲ್ಲೂಕಿನ ಹಂದಿಗೋಡಿನ ದಲಿತ ಕೂಲಿಕಾರರು ಒಬ್ಬರ ಹಿಂದೊಬ್ಬರು ಸೊಂಟ ಹಿಡಿದು ಕೂತಾಗ ಮೊದಲು ಅನುಮಾನ ಬಿದ್ದದ್ದು ಗದ್ದೆಯ ಏಡಿಯ ಮೇಲೆ. ಭತ್ತಕ್ಕೆ ಎಂಡ್ರಿನ್, ಪ್ಯಾರಾಥಿಯಾನ್ ಹೊಡೆಯುತ್ತಿದ್ದ ಕಾಲ ಅದು. ಆ ಗದ್ದೆಯ ಏಡಿ, ಮೀನು ಹಿಡಿದು ತಿನ್ನುತ್ತಿದ್ದವರೂ ಇವರೇ. ಊಹೆಯಲ್ಲಿ ತರ್ಕವಿತ್ತು, ನ್ಯಾಯವಾದ ಸಿಟ್ಟೂ ಇತ್ತು. ಕೀಟನಾಶಕಗಳ ವಿರುದ್ಧದ ಬರಹಗಳಲ್ಲಿ ಹಂದಿಗೋಡು ಇನ್ನೂ ಉದಾಹರಣೆಯಾಗಿ ಬರುತ್ತಲೇ ಇದೆ. ಕೀಟನಾಶಕಗಳ ಮೇಲಿನ ಆರೋಪಗಳು ಬೇಕಾದಷ್ಟಿವೆ. ಅವಕ್ಕೆ ಈ ಸಾಕ್ಷಿ ಬೇಕಿಲ್ಲ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಭಟ್ ಮತ್ತು ಕೃಷ್ಣಮಾಚಾರಿ 1977ರಲ್ಲೇ ಹಂದಿಗೋಡಿನ ಈ ಕಾಯಿಲೆಯನ್ನು ಮಲೆನಾಡಿನ ಮನೆತನಗಳಲ್ಲಿ ಬರುವ ಕೀಲುರೋಗ ಎಂದು ಗುರುತಿಸಿದ್ದರು. 1990ರ ದಶಕದಲ್ಲಿ ಎಸ್.ಎಸ್. ಅಗರವಾಲ್ ಅವರ ತಂಡ ಎಕ್ಸ್‌ರೇ ಮತ್ತು ವಂಶಾವಳಿಗಳನ್ನು ಒಟ್ಟಿಗಿಟ್ಟು ನೋಡಿ, ಬೆನ್ನುಮೂಳೆಯೂ ಉದ್ದಮೂಳೆಗಳ ತುದಿಗಳೂ ಸರಿಯಾಗಿ ಬೆಳೆಯದ ಆನುವಂಶಿಕ ಕಾಯಿಲೆ ಇದು ಎಂದು ತೀರ್ಮಾನಿಸಿತು. ಕೆಲವರಲ್ಲಿ ಎತ್ತರ ಮಾಮೂಲಿ, ಕೀಲು ಮಾತ್ರ ಸವೆದಿರುತ್ತದೆ. ಕೆಲವರು ಕುಳ್ಳರು, ಕೀಲೂ ಹೋಗಿರುತ್ತದೆ. ಇನ್ನು ಕೆಲವರಲ್ಲಿ ಕುಬ್ಜತೆಯೇ ಮುಖ್ಯ. ಎಕ್ಸ್‌ರೇ ಹಿಡಿದು ನೋಡಿದರೆ ತೊಡೆಮೂಳೆಯ ತುದಿಯ ಗುಂಡು ದುಂಡಗಿರದೆ ಚಪ್ಪಟೆಯಾಗಿರುತ್ತದೆ, ಅದಕ್ಕೂ ಸೊಂಟದ ಗುಳಿಗೂ ನಡುವೆ ಇರಬೇಕಾದ ತೆರಪು ಮುಚ್ಚಿಹೋಗಿರುತ್ತದೆ. ಅರವತ್ತರಲ್ಲಿ ಬರಬೇಕಾದ ಸವೆತ ಹರೆಯದಲ್ಲೇ ಶುರುವಾಗುತ್ತದೆ.

ಸಂಶೋಧನೆಯ ಈ ಭಾಗಕ್ಕೆ ಪೂರ್ತಿ ಅಂಕ ಕೊಡಬಹುದು. ಆದರೆ ಅದು ಹೇಳಿದ್ದು ಜನರಿಗೆ ಅರ್ಥವಾಗುವ ಹಾಗೆ ತಲುಪಲಿಲ್ಲ. ಆನುವಂಶಿಕ ಎಂದ ಕೂಡಲೇ 'ಸಂಬಂಧದಲ್ಲಿ ಮದುವೆಯಾದದ್ದೇ ತಪ್ಪು' ಎನ್ನುವವರು ಹುಟ್ಟಿಕೊಳ್ಳುತ್ತಾರೆ. ಇಲ್ಲಿ ಆ ಮಾತು ಹೊಂದುವುದಿಲ್ಲ. ಇದು ಪ್ರಬಲ ಜೀನಿನ ಕಾಯಿಲೆ: ಅಪ್ಪ ಅಥವಾ ಅಮ್ಮ, ಯಾರಾದರೊಬ್ಬರಲ್ಲಿ ಇದ್ದರೆ ಸಾಕು, ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧದಷ್ಟು. ದೂರದೂರಿನ ಹೆಣ್ಣು ತಂದರೂ ಲೆಕ್ಕ ಬದಲಾಗದು. ನೋವಿನ ಮೇಲೆ ಜಾತಿಯ ಕಳಂಕ ಹೊತ್ತವರ ತಲೆಗೆ ಮದುವೆಯ ಅಪರಾಧವನ್ನೂ ಕಟ್ಟುವುದು ವಿಜ್ಞಾನದ ಹೆಸರಿನಲ್ಲಿ ನಡೆಯುವ ಅನ್ಯಾಯ.

ಚಿಕಿತ್ಸೆಯ ವಿಷಯ ಇನ್ನೂ ಸೊರಗಿದೆ. ನೋವಿನ ಮಾತ್ರೆ ವರ್ಷಗಟ್ಟಲೆ ನುಂಗಿದರೆ ಹೊಟ್ಟೆ ಹುಣ್ಣಾಗಬಹುದು, ಮೂತ್ರಪಿಂಡಕ್ಕೂ ಪೆಟ್ಟು ಬೀಳಬಹುದು. ಉಳಿದ ದೊಡ್ಡ ದಾರಿ ಸೊಂಟದ ಕೀಲು ಬದಲಾವಣೆ. ಕುಬ್ಜರ ತೊಡೆಮೂಳೆ ಸಣ್ಣದು, ಅದರೊಳಗಿನ ಕೊಳವೆ ಕಿರಿದು, ಆಕಾರವೂ ಬೇರೆ. ಮಾಮೂಲಿ ಅಳತೆಯ ಕೃತಕ ಕೀಲು ಎಲ್ಲರಿಗೂ ಕೂರುವುದಿಲ್ಲ. ಮೂವತ್ತಕ್ಕೆ ಹಾಕಿಸಿಕೊಂಡವರಿಗೆ ಐವತ್ತರ ಸುಮಾರಿಗೆ ಮತ್ತೊಂದು ಶಸ್ತ್ರಚಿಕಿತ್ಸೆ ಬೇಕಾಗಬಹುದು. ಅದಕ್ಕಿಂತ ಮುಖ್ಯವಾದ ತೊಡಕು ಡಿಸ್ಚಾರ್ಜ್ ದಿನದ್ದು. 'ಕುಕ್ಕರುಗಾಲಲ್ಲಿ ಕೂರಬೇಡಿ, ನೆಲದ ಮೇಲೆ ಕೂರಬೇಡಿ, ಜಾಸ್ತಿ ಬಗ್ಗಬೇಡಿ' ಎಂದು ಹೇಳಿ ಕಳಿಸುವುದು ವಾಡಿಕೆ. ನಾಟಿ ಎಂದರೆ ಬಗ್ಗುವುದು, ಕಳೆ ಎಂದರೆ ಕುಕ್ಕರಿಸುವುದು, ಅಡಿಕೆ ಸುಲಿಯುವುದೆಂದರೆ ಮೆಟ್ಟುಗತ್ತಿಯ ಮುಂದೆ ಕೂರುವುದು. ಕೀಲು ಕೊಟ್ಟು ಕೂಲಿ ಕಿತ್ತುಕೊಳ್ಳುವ ಚಿಕಿತ್ಸೆಯನ್ನು ಅರ್ಧ ಚಿಕಿತ್ಸೆ ಎನ್ನದೆ ವಿಧಿಯಿಲ್ಲ. ಬದಲಿ ಉದ್ಯೋಗವೂ ಆ ಡಿಸ್ಚಾರ್ಜ್ ಚೀಟಿಯಲ್ಲೇ ಇರಬೇಕಿತ್ತು.

ಕಾನೂನಿಗೂ ಇಲ್ಲಿ ಕಣ್ಣು ಸಾಲದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಕುಬ್ಜತೆಯನ್ನು ಪಟ್ಟಿಗೆ ಸೇರಿಸಿದ್ದು ಒಳ್ಳೆಯದೇ. ವಯಸ್ಕರ ಎತ್ತರ 147 ಸೆಂ.ಮೀ. ಅಥವಾ ಅದಕ್ಕಿಂತ ಕಡಿಮೆ ಇರಬೇಕು ಎನ್ನುತ್ತದೆ ಅದು. ಒಂದೇ ಮನೆಯಲ್ಲಿ ಕುಳ್ಳ ತಂಗಿ ಒಂದು ವರ್ಗಕ್ಕೆ ಸೇರಿದರೆ, ಎತ್ತರವಿದ್ದೂ ನಡೆಯಲಾಗದ ಅಣ್ಣ ಚಲನವೈಕಲ್ಯದ ಇನ್ನೊಂದು ವರ್ಗಕ್ಕೆ ಹೋಗಿ ವೈಕಲ್ಯದ ಪ್ರಮಾಣ ಶೇ. 40 ಮುಟ್ಟುತ್ತದೆಯೇ ಎಂದು ಕಾಯಬೇಕು. ಕಾಯಿಲೆ ಒಂದೇ, ಟೇಪು ಬೇರೆ.

ಹೊರಗಿನ ಜಗತ್ತಿನಲ್ಲಿ ಕುಬ್ಜತೆಯ ಚಿಕಿತ್ಸೆ ಎಂದರೆ ಈಗ ವೊಸೊರಿಟೈಡ್ ಮಾತು. ಎಫ್‌ಜಿಎಫ್‌ಆರ್3 ಜೀನಿನ ದೋಷದಿಂದ ಬರುವ ಅಕಾಂಡ್ರೋಪ್ಲೇಸಿಯಾಗೆ 2021ರಲ್ಲಿ ಯುರೋಪ್, ಅಮೆರಿಕ ಒಪ್ಪಿದ ಈ ದಿನನಿತ್ಯದ ಚುಚ್ಚುಮದ್ದು, ಬೆಳೆಯುವ ಮಕ್ಕಳಲ್ಲಿ ವರ್ಷಕ್ಕೆ ಸುಮಾರು ಒಂದೂವರೆ ಸೆಂ.ಮೀ. ಹೆಚ್ಚು ಎತ್ತರ ಕೊಡುತ್ತದೆ. ಹಂದಿಗೋಡಿನವರದು ಬೇರೆ ಕಾಯಿಲೆ. ಅವರು ಕೇಳುತ್ತಿರುವುದು ಎತ್ತರವನ್ನೂ ಅಲ್ಲ, ಎದ್ದು ಬಚ್ಚಲಿಗೆ ಹೋಗಿಬರುವ ಶಕ್ತಿಯನ್ನು.

ದೊಡ್ಡಬಳ್ಳಾಪುರ ತಾಲ್ಲೂಕಿನ ನಮ್ಮ ರಾಜಘಟ್ಟದಲ್ಲಿ ಇಂಥ ಮಗು ಹುಟ್ಟಿದರೆ ಒಂದೆರಡು ಬಸ್ಸು ಬದಲಿಸಿ ಬೆಂಗಳೂರಿನ ಇಂದಿರಾಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಗೆ ಹೋಗಿ, ತಳಿತಜ್ಞರನ್ನು ಕಂಡು ಸಂಜೆಗೆ ಮನೆಗೆ ಬರಬಹುದು. ಹಂದಿಗೋಡಿನಿಂದ ಅದೇ ಬೆಂಗಳೂರು ಸುಮಾರು 350 ಕಿ.ಮೀ.; ಕಾಲೂರಲಾರದವರಿಗೆ ಒಂದು ರಾತ್ರಿ ಬಸ್ಸು, ಜೊತೆಗೊಬ್ಬರು, ಇಬ್ಬರ ಕೂಲಿ. ಆ ಮನೆತನಗಳ ಮಕ್ಕಳ ಸೊಂಟವನ್ನು ನೋವು ಶುರುವಾಗುವ ಮುಂಚೆಯೇ ಸಾಗರದ ಆಸ್ಪತ್ರೆಯಲ್ಲಿ ವರ್ಷಕ್ಕೊಮ್ಮೆ ನೋಡುವ ಏರ್ಪಾಡಿಗೆ ಹೊಸ ಸಂಶೋಧನೆಯೇನೂ ಬೇಡ. ಎಕ್ಸ್‌ರೇ ಯಂತ್ರ, ಫಿಸಿಯೋಥೆರಪಿಯವರು, ತಿಂಗಳಿಗೊಮ್ಮೆ ಬಂದು ಹೋಗುವ ಮೂಳೆ ವೈದ್ಯರು ಇದ್ದರೆ ನಾಳೆಯೇ ಶುರು ಮಾಡಬಹುದು.