ಲುಪ್ತಪಾಠ ಮತ್ತು ಗಣಕಯಂತ್ರದ ಊಹೆ

ಸಂಭಾವ್ಯತೆಯ ಗಣಿತವನ್ನು ಆಧರಿಸಿ ಹೊಸದನ್ನು ರಚಿಸಿಕೊಡುವ ಗಣಕಮಾದರಿಗಳು ಇಂದು ಹಲವು ಶಾಸ್ತ್ರಗಳಲ್ಲಿ ಬಳಕೆಗೆ ಬಂದಿವೆ. ಹವಾಮಾನಶಾಸ್ತ್ರದಲ್ಲಿ ಮಾದರಿಯು ಹೇಳಿದ ಮಳೆ ಬಂದಿತೋ ಇಲ್ಲವೋ ಎಂಬುದು ನಾಲ್ಕು ದಿನಗಳಲ್ಲಿ ತಿಳಿಯುತ್ತದೆ, ರಸಾಯನಶಾಸ್ತ್ರಕ್ಕೆ ಪ್ರಯೋಗಶಾಲೆಯಿದೆ. ಶಾಸನದಲ್ಲಿ ಅಳಿದ ಅಕ್ಷರವಾದರೋ ಮರಳಿ ಬಂದು ಸಾಕ್ಷಿ ನುಡಿಯುವುದಿಲ್ಲ. ಆದುದರಿಂದ ಆ ಶಾಸ್ತ್ರಗಳ ಯಶಸ್ಸನ್ನು ಶಾಸನಶಾಸ್ತ್ರಕ್ಕೆ ಆರೋಪಿಸುವುದು ಸಾಧುವಲ್ಲ.

ಗ್ರೀಕ್ ಶಾಸನಗಳಿಗಾಗಿ 2022ರಲ್ಲಿ ಪ್ರಕಟವಾದ 'ಇಥಾಕಾ' ಮಾದರಿಯು ಲುಪ್ತಪಾಠವನ್ನು ಶೇ. 62ರಷ್ಟು ಸರಿಯಾಗಿ ತುಂಬಿತೆಂದೂ, ಸ್ವತಂತ್ರವಾಗಿ ಶೇ. 25ರಷ್ಟು ಮಾತ್ರ ಸಾಧಿಸಿದ ಅಭ್ಯಾಸಿಗಳು ಅದರ ನೆರವಿನಿಂದ ಶೇ. 72ಕ್ಕೆ ಏರಿದರೆಂದೂ ಅದರ ಕರ್ತೃಗಳು ತಿಳಿಸಿದ್ದಾರೆ. ಈ ಫಲ ಅಲ್ಪವೇನಲ್ಲ. ಆದರೆ ಪರೀಕ್ಷೆಗಾಗಿ ಮರೆಮಾಡಿದ್ದು ಸಂಪಾದಕರು ಈಗಾಗಲೇ ಓದಿದ್ದ ಅಕ್ಷರಗಳನ್ನು. ನಿಜವಾಗಿ ಸವೆದ ಎಡೆಯಲ್ಲಿ ಉತ್ತರವನ್ನು ಹೋಲಿಸಿ ನೋಡಲು ಮೂಲವೇ ಇರುವುದಿಲ್ಲ.

ದಾವಣಗೆರೆಗೆ ಸಮೀಪದ ಬೇತೂರಿನ 1271ರ ಶಾಸನವನ್ನು ಪರಿಶೀಲಿಸಬಹುದು. ಸೇವುಣರ ಅಧಿಕಾರಿ ಕೂಚಿರಾಜನು ಮೃತಳಾದ ಪತ್ನಿ ಲಕ್ಷ್ಮಿಯ ಸ್ಮರಣೆಗೆ ಲಕ್ಷ್ಮೀಜಿನಾಲಯವನ್ನು ಕಟ್ಟಿಸಿದ ವಿಷಯ ಇದರದು. ಗುರು ಮೂಲಸಂಘ ಸೇನಗಣ ಪೊಗಲೆಗಚ್ಛದ ಪದ್ಮಸೇನ ಭಟ್ಟಾರಕರು. 'ಮೂಲಸಂಘ' ಎಂಬುದರ ಮುಂದಿನ ಅಕ್ಷರಗಳು ನಷ್ಟವಾಗಿದ್ದವೆಂದು ಭಾವಿಸೋಣ. ಕರ್ನಾಟಕದ ಶಾಸನಗಳಲ್ಲಿ ಆ ಸ್ಥಾನದಲ್ಲಿ ಹೇರಳವಾಗಿ ಬರುವುದು ದೇಶಿಗಣ, ಪುಸ್ತಕಗಚ್ಛ. ಎಣಿಕೆಯನ್ನೇ ನಂಬಿದ ಯಂತ್ರ ಅದನ್ನೇ ತುಂಬೀತು. ಒಂದು ಗುರುಪರಂಪರೆ ಈ ನೆಲದಿಂದ ಸದ್ದಿಲ್ಲದೆ ಅಳಿಸಿಹೋದೀತು. ಪಟ್ಟಾವಳಿಗಳಲ್ಲಿ ಪಳಗಿದ ಓದುಗನಾದರೆ 'ಸೇನ' ಎಂಬ ನಾಮಾಂತ್ಯವನ್ನು ಕಂಡೊಡನೆ ತಡೆದು ನಿಲ್ಲುತ್ತಾನೆ. ಗ್ರಂಥಸಂಪಾದನೆಯಲ್ಲಿ ಕ್ಲಿಷ್ಟಪಾಠಕ್ಕೆ ಮನ್ನಣೆ. ಮಾದರಿಯ ಒಲವು ಸುಲಭಪಾಠದ ಕಡೆಗೆ. ಹಿಂದಿನ ಲಿಪಿಕಾರರ ದೋಷವೂ ಬಹುಮಟ್ಟಿಗೆ ಇದೇ ಆಗಿತ್ತಲ್ಲವೆ?

ಬಿರುದಾವಳಿ, ಶಾಪಾಶಯ ಶ್ಲೋಕ ಮೊದಲಾದ ರೂಢಿಯ ಭಾಗಗಳಲ್ಲಿ ಯಂತ್ರದ ನೆರವು ನಿರಪಾಯ. ಹೊಯ್ಸಳ ದಂಡನಾಯಕ ಪೋಲಾಳ್ವನು 1224ರಲ್ಲಿ ಕಟ್ಟಿಸಿದ ಹರಿಹರೇಶ್ವರ ದೇವಾಲಯದ ಶಾಸನಗಳಲ್ಲಿಯೂ ಅಂಥ ಭಾಗಗಳು ದೊರೆಯುತ್ತವೆ. ದಾನಿಯ ಹೆಸರು, ಭೂಮಿಯ ಅಳತೆ, ಎಲ್ಲೆಯ ಗುರುತು ಇವು ಆ ಬಗೆಯವಲ್ಲ. ಇತಿಹಾಸಕ್ಕೆ ಬೇಕಾದವು ಇವೇ, ಮತ್ತೊಂದು ಶಾಸನದಿಂದ ಊಹಿಸಲು ಬಾರದವೂ ಇವೇ.

ಲ್ಯಾಟಿನ್ ಶಾಸನಗಳ 'ಈನಿಯಾಸ್' ಮಾದರಿ (2025) ಊಹೆಯೊಡನೆ ಸಮಾನ ಶಾಸನಗಳನ್ನೂ ಮುಂದಿಡುತ್ತದೆ. ಇದು ಮೆಚ್ಚತಕ್ಕ ಕ್ರಮ. ಆಧಾರವನ್ನು ವಿದ್ವಾಂಸನೇ ತೂಗಿನೋಡಬಹುದು. ಕನ್ನಡದಲ್ಲಿ ಇಂಥ ಕಾರ್ಯಕ್ಕೆ ತೊಡಗುವವರು ಯಂತ್ರದ ಪಾಠವನ್ನು ಪಂಕ್ತಿಯೊಳಗೆ ಸೇರಿಸದೆ, ಸಂಭಾವ್ಯತೆಯ ಪ್ರಮಾಣಸಹಿತ ಅಡಿಟಿಪ್ಪಣಿಯಲ್ಲಿಯೇ ಕೊಡತಕ್ಕದ್ದು. ಆವರಣಚಿಹ್ನೆಯಿಲ್ಲದೆ ಒಮ್ಮೆ ಒಳನುಗ್ಗಿದ ಊಹೆಯನ್ನು ಮುಂದಿನ ಮಾದರಿ ಶಾಸನವೆಂದೇ ಎಣಿಸುತ್ತದೆ. ರೈಸ್ ಅವರ ಎಪಿಗ್ರಾಫಿಯ ಕರ್ನಾಟಿಕದ 11ನೆಯ ಸಂಪುಟದ ಪಾಠಗಳನ್ನು ಯಂತ್ರಕ್ಕೆ ಉಣಿಸುವ ಮೊದಲು ಬೇತೂರು, ಹರಿಹರಗಳ ಕಲ್ಲುಗಳಿಂದ ಹೊಸ ಪಡಿಯಚ್ಚುಗಳನ್ನು ತೆಗೆದು ತಾಳೆನೋಡುವ ಕೆಲಸ ಆಗಬೇಕು.